ಹೆಸರೆತ್ತದೆ ಕೇಳುವ ಸಲಹೆ: ನ್ಯಾಯಾಲಯದ ಮೆಟ್ಟಿಲೇರಿದ ಕುಟುಂಬಗಳ ಪಾಲನೆಯಲ್ಲಿ ಧರ್ಮಸಭೆಯ ಒಂದು ಹಳೆಯ ಕಟ್ಟಳೆ

ಸಾಸ್ತಾನದಲ್ಲಿ ಒಂದು ಕುಟುಂಬವಿದೆಯೆಂದು ಭಾವಿಸೋಣ. ಪ್ರಕರಣ ಕಲ್ಪಿತವಾದದ್ದು, ಆದರೆ ನಮ್ಮ ಕರಾವಳಿಯಲ್ಲಿ ಪಾಲನಾ ಸೇವೆ ಮಾಡಿದ ಯಾವ ಧರ್ಮಗುರುವಿಗೂ ಅದು ಅಪರಿಚಿತವೆನಿಸದು. ಗಂಡ ಕಥೋಲಿಕ, ಕೊಲ್ಲಿ ದೇಶದಲ್ಲಿ ಉದ್ಯೋಗ, ವರ್ಷಕ್ಕೊಮ್ಮೆ ಊರಿಗೆ ಬರುವವನು. ಹೆಂಡತಿ ಬ್ರಹ್ಮಾವರದ ಕಡೆಯ ಆರ್ಥೊಡಾಕ್ಸ್ ಸಿರಿಯನ್ ಮನೆತನದಲ್ಲಿ ಹುಟ್ಟಿದವಳು. ಇಬ್ಬರ ಮನೆಮಾತೂ ಕೊಂಕಣಿ. ಇಬ್ಬರ ಪೂರ್ವಜರೂ ಗೋವೆಯಿಂದ ಬಂದವರು. ಅವರಿಗೆ 8 ವರ್ಷದ ಒಬ್ಬಳೇ ಮಗಳು. ಎರಡು ವರ್ಷಗಳಿಂದ ತಾಯಿ ಮಗಳು ತವರಿನಲ್ಲಿದ್ದಾರೆ. ಉಡುಪಿಯ ನ್ಯಾಯಾಲಯದಲ್ಲಿ ಜೀವನಾಂಶಕ್ಕೂ ಮಗುವಿನ ಪಾಲನಾಧಿಕಾರಕ್ಕೂ ಅರ್ಜಿಗಳು ಸಲ್ಲಿಕೆಯಾಗಿವೆ.

ಧರ್ಮಕೇಂದ್ರದ ಗುರುಗಳು ಎಲ್ಲರನ್ನೂ ಬಲ್ಲರು. ಗಂಡನ ತಾಯಿ ಅವರ ಜಗಲಿಯಲ್ಲಿ ಕುಳಿತು ಅತ್ತಿದ್ದಾಳೆ. ಹೆಂಡತಿ ಕಚೇರಿಗೆ ಬಂದು ತನ್ನ ಕಥೆ ಹೇಳಿದ್ದಾಳೆ. ಗಂಡ ರಜೆಗೆ ಬಂದಾಗ ಪಾಪನಿವೇದನೆ ಮಾಡಿಕೊಂಡಿದ್ದಾನೆ. ಧರ್ಮೋಪದೇಶದ ತರಗತಿಯಲ್ಲಿ ಮಗಳು ಒಂದು ಮಾತು ಆಡಿದ್ದಾಳೆ. ಅದು ಮಗುವಿನ ಮಾತೋ ಕಲಿಸಿಕೊಟ್ಟ ಮಾತೋ ಗುರುಗಳಿಗೆ ತಿಳಿಯದು. ಹೀಗಿರುವಾಗ ಒಂದು ಬೆಳಿಗ್ಗೆ ಒಂದು ಪಕ್ಷದ ವಕೀಲರು ದೂರವಾಣಿಯಲ್ಲಿ, "ಫಾದರ್, ನೀವು ಇವರನ್ನು ಹತ್ತು ವರ್ಷದಿಂದ ಬಲ್ಲವರು. ಒಂದು ಪತ್ರ ಬರೆದುಕೊಟ್ಟರೆ ಸಾಕು" ಎನ್ನುತ್ತಾರೆ.

ಆ ರಾತ್ರಿ ಗುರುಗಳು ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಧರ್ಮಸಭೆಯ ಚರಿತ್ರೆಯಲ್ಲಿ ಉತ್ತರವಿದೆ ಎಂಬುದು ನಮ್ಮ ವಾದ. ಕಲಹದಲ್ಲಿರುವ ಕುಟುಂಬದ ಗಾಯಕ್ಕೆ ಮದ್ದು ಹಚ್ಚುವವನು ಒಂಟಿಯಾಗಿರಬಾರದು, ಅವನು ಸಮಾನರ ಸಲಹೆ ಕೇಳಬೇಕು, ಆದರೆ ವ್ಯಕ್ತಿಯ ಹೆಸರೆತ್ತದೆ ಕೇಳಬೇಕು ಎಂಬುದನ್ನು ಧರ್ಮಸಭೆ 800 ವರ್ಷಗಳ ಹಿಂದೆಯೇ ಕಟ್ಟಳೆಯಾಗಿ ವಿಧಿಸಿತ್ತು. ಇಂದು ಮನಶ್ಚಿಕಿತ್ಸಕರು ತಮ್ಮ ವೃತ್ತಿಧರ್ಮದ ಭಾಗವೆಂದು ಪಾಲಿಸುವ ಈ ಪದ್ಧತಿಯನ್ನು ನಾವು ಗುರುಗಳು ಬಹುಮಟ್ಟಿಗೆ ಕೈಬಿಟ್ಟಿದ್ದೇವೆ. ಅದರ ಚರಿತ್ರೆಯನ್ನು ಮರಳಿ ನೋಡುವುದು ಈ ಲೇಖನದ ಉದ್ದೇಶ.

ಕೊರಿಂಥದಿಂದ ಹಿಪ್ಪೋವರೆಗೆ

ವಿಶ್ವಾಸಿಗಳು ತಮ್ಮ ವ್ಯಾಜ್ಯಗಳನ್ನು ಅನ್ಯರ ನ್ಯಾಯಸ್ಥಾನಕ್ಕೆ ಒಯ್ಯುವುದನ್ನು ಕಂಡು ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 6ನೆಯ ಅಧ್ಯಾಯದಲ್ಲಿ ನೊಂದು ನುಡಿಯುತ್ತಾರೆ. ಸಹೋದರರ ನಡುವೆ ತೀರ್ಪು ಹೇಳಬಲ್ಲ ವಿವೇಕಿ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಕೇಳುತ್ತಾರೆ. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ತಿದ್ದುವಿಕೆಗೆ ಮೂರು ಮೆಟ್ಟಿಲುಗಳಿವೆ: ಮೊದಲು ಏಕಾಂತದಲ್ಲಿ, ಅನಂತರ ಒಬ್ಬಿಬ್ಬರನ್ನು ಜೊತೆಗೂಡಿಸಿಕೊಂಡು, ಕೊನೆಗೆ ಸಭೆಯ ಮುಂದೆ. ನಡುವಿನ ಮೆಟ್ಟಿಲನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಏಕಾಂತವೂ ಅಲ್ಲದ, ಬಹಿರಂಗವೂ ಅಲ್ಲದ ಆ ಒಬ್ಬಿಬ್ಬರ ಸಾನ್ನಿಧ್ಯವೇ ನಮ್ಮ ವಿಷಯದ ಬೀಜ.

318ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಧರ್ಮಾಧ್ಯಕ್ಷರ ತೀರ್ಪಿಗೆ ರಾಜ್ಯದ ಮಾನ್ಯತೆ ಕೊಟ್ಟನು. ಅಂದಿನಿಂದ ಧರ್ಮಾಧ್ಯಕ್ಷರ ಅಂಗಳ ವ್ಯಾಜ್ಯಗಾರರಿಂದ ತುಂಬಿತು. ಹಿಪ್ಪೋವಿನ ಸಂತ ಅಗಸ್ಟೀನರು ಜನರ ವ್ಯಾಜ್ಯಗಳನ್ನು ಕೇಳುತ್ತ ಹೊತ್ತು ಕಳೆಯಬೇಕಾಗುತ್ತಿತ್ತೆಂದೂ, ಆ ಹೊರೆ ಅವರಿಗೆ ಬೇಸರ ತರುತ್ತಿತ್ತೆಂದೂ ಅವರ ಶಿಷ್ಯ ಪೊಸ್ಸಿದಿಯುಸನು ಬರೆದ ಜೀವನಚರಿತ್ರೆಯಿಂದಲೂ ಅವರದೇ ಬರಹಗಳಿಂದಲೂ ತಿಳಿಯುತ್ತದೆ. ಸ್ನೇಹಿತರ ನಡುವಿನ ವ್ಯಾಜ್ಯಕ್ಕಿಂತ ಅಪರಿಚಿತರ ವ್ಯಾಜ್ಯ ತೀರಿಸುವುದು ಲೇಸೆಂದು ಅವರು ಭಾವಿಸಿದ್ದನ್ನು ಪೊಸ್ಸಿದಿಯುಸನು ದಾಖಲಿಸಿದ್ದಾನೆ: ಅಪರಿಚಿತರ ನಡುವೆ ತೀರ್ಪು ಹೇಳಿದರೆ ಒಬ್ಬ ಸ್ನೇಹಿತ ದೊರೆತಾನು, ಸ್ನೇಹಿತರ ನಡುವೆ ಹೇಳಿದರೆ ಇದ್ದ ಒಬ್ಬನನ್ನು ಕಳೆದುಕೊಳ್ಳಬೇಕಾದೀತು. ಇದನ್ನು ಜಾಣ್ಮೆಯ ಮಾತೆಂದು ನಕ್ಕು ಬಿಡಲಾಗದು. ಪಾಲಕನಾಗಿದ್ದುಕೊಂಡೇ ತೀರ್ಪುಗಾರನೂ ಆಗುವವನು ಪಾಲಕತ್ವವನ್ನು ಪಣಕ್ಕಿಡುತ್ತಾನೆ ಎಂಬ ಅನುಭವ ಅದರಲ್ಲಿದೆ. ಸಾಸ್ತಾನದ ಗುರುಗಳನ್ನು ಕಾಡುವುದೂ ಇದೇ ತೊಡಕು.

1215: ಬರೆಯುವ ಕೋಣೆ, ಬರೆಯದ ಕೋಣೆ

ಈ ತೊಡಕಿಗೆ ಧರ್ಮಸಭೆ ಸ್ಪಷ್ಟ ರೂಪದ ಪರಿಹಾರ ಕೊಟ್ಟಿದ್ದು ಮೂರನೆಯ ಇನ್ನೊಸೆಂಟ್ ಜಗದ್ಗುರುಗಳು 1215ರ ನವೆಂಬರಿನಲ್ಲಿ ಕೂಡಿಸಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ. ಅದರ 21ನೆಯ ವಿಧಿಯನ್ನು ಗುರುಮಠದ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಬೇಕೆಂಬ ಆಜ್ಞೆಯಾಗಿ ಬಲ್ಲನು. ವಿಧಿಯ ಉಳಿದರ್ಧವನ್ನು ಓದುವವರು ಕಡಿಮೆ. ಅಲ್ಲಿ ಗುರುವನ್ನು ನುರಿತ ವೈದ್ಯನಿಗೆ ಹೋಲಿಸಲಾಗಿದೆ. ಗಾಯದ ಮೇಲೆ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಸುರಿಯುವ ಅವನು ಪಾಪದ ಸಂದರ್ಭವನ್ನಷ್ಟೇ ಅಲ್ಲ, ಪಾಪಿಯ ಸಂದರ್ಭವನ್ನೂ ವಿಚಾರಿಸಿ ತಕ್ಕ ಮದ್ದನ್ನು ಆರಿಸಬೇಕು. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಪಾಪಿಯನ್ನು ಬಯಲಿಗೆಳೆಯಬಾರದು. ತನಗಿಂತ ವಿವೇಕಿಗಳ ಸಲಹೆ ಬೇಕಾದಲ್ಲಿ, ವ್ಯಕ್ತಿಯ ಸುಳಿವನ್ನೇ ಕೊಡದೆ ಎಚ್ಚರದಿಂದ ಅದನ್ನು ಕೇಳಿಕೊಳ್ಳಬೇಕು. ಗುಟ್ಟನ್ನು ಹೊರಗೆಡಹಿದವನಿಗೆ ಪದಚ್ಯುತಿ ಹಾಗೂ ಮಠವಾಸದ ಆಜೀವ ಪ್ರಾಯಶ್ಚಿತ್ತ.

ಮೌನವನ್ನು ವಿಧಿಸುವ ಅದೇ ಉಸಿರಿನಲ್ಲಿ ಮಹಾಸಭೆ ಸಲಹೆಗೂ ದಾರಿ ತೆರೆದಿದೆ. ಗುಟ್ಟು ಕಾಯುವುದೆಂದರೆ ಒಂಟಿಯಾಗುವುದೆಂದು ಅದು ಭಾವಿಸಲಿಲ್ಲ. ವೈದ್ಯನಿಗೂ ಗೊಂದಲವಾದೀತೆಂದು ಒಪ್ಪಿಕೊಂಡು, ಆ ಗೊಂದಲವನ್ನು ಒಯ್ಯುವ ಕ್ರಮವನ್ನು ಹೇಳಿಕೊಟ್ಟಿತು.

ಇದೇ ಮಹಾಸಭೆಯ 38ನೆಯ ವಿಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಧರ್ಮಸಭೆಯ ನ್ಯಾಯಾಧೀಶನು ತನ್ನ ಬಳಿ ಒಬ್ಬ ಅಧಿಕೃತ ಲಿಪಿಕಾರನನ್ನು ಅಥವಾ ಇಬ್ಬರು ಯೋಗ್ಯ ವ್ಯಕ್ತಿಗಳನ್ನು ಇಟ್ಟುಕೊಂಡು ವಿಚಾರಣೆಯ ಎಲ್ಲವನ್ನೂ ಬರೆಸಬೇಕು, ಪಕ್ಷಗಳಿಗೆ ಪ್ರತಿ ಕೊಡಬೇಕು ಎಂದು ಅದು ವಿಧಿಸುತ್ತದೆ. ಬರಹವಿಲ್ಲದಿದ್ದರೆ ಅನ್ಯಾಯ ಮಾಡುವ ನ್ಯಾಯಾಧೀಶನ ಎದುರು ನಿರಪರಾಧಿಗೆ ಆಧಾರವಿರದು ಎಂಬುದು ಅದರ ಆತಂಕ. ಹೀಗೆ ಒಂದೇ ಮಹಾಸಭೆ ಎರಡು ಕೋಣೆಗಳನ್ನು ಕಟ್ಟಿತು. ಒಂದರಲ್ಲಿ ಎಲ್ಲವನ್ನೂ ಬರೆಯಬೇಕು. ಇನ್ನೊಂದರಲ್ಲಿ ಏನನ್ನೂ ಬರೆಯಬಾರದು. ಮೊದಲನೆಯದರಲ್ಲಿ ಬರಹವೇ ದುರ್ಬಲನ ರಕ್ಷೆ, ಎರಡನೆಯದರಲ್ಲಿ ಮೌನವೇ ಅವನ ರಕ್ಷೆ. ನ್ಯಾಯಾಲಯದ ಮೆಟ್ಟಿಲೇರಿದ ಕುಟುಂಬವೊಂದಕ್ಕೆ ನೆರವಾಗುವ ಗುರುವೂ ಚಿಕಿತ್ಸಕನೂ ನಿಂತಿರುವುದು ಈ ಎರಡು ಕೋಣೆಗಳ ನಡುವಿನ ಹೊಸ್ತಿಲಿನ ಮೇಲೆ. ಒಂದರಲ್ಲಿ ಕೇಳಿದ್ದನ್ನು ಇನ್ನೊಂದಕ್ಕೆ ಒಯ್ಯಿರೆಂಬ ಒತ್ತಡ ಅವರ ಮೇಲೆ ಸದಾ ಇರುತ್ತದೆ. ವಕೀಲರ ಆ ದೂರವಾಣಿ ಕರೆ ಅಂಥ ಒತ್ತಡದ ಅತಿ ಸೌಮ್ಯ ರೂಪ.

ತೀತಿಯ, ಬೆರ್ತಾ ಮತ್ತು ತಿಂಗಳ ಕೂಟ

ಲ್ಯಾಟರನ್ ವಿಧಿ ವ್ಯಕ್ತಿಗತ ಸಲಹೆಯನ್ನು ಹೇಳಿತ್ತು. ಅದಕ್ಕೆ ಸಾಮೂಹಿಕ ರೂಪ ಬಂದದ್ದು ತ್ರಿದೆಂತಿನ ಮಹಾಸಭೆಯ ಅನಂತರ. 16ನೆಯ ಶತಮಾನದಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮೆಯೊ ತಮ್ಮ ಧರ್ಮಪ್ರಾಂತ್ಯವನ್ನು ವಲಯಗಳಾಗಿ ವಿಂಗಡಿಸಿ, ವಲಯದ ಗುರುಗಳು ತಿಂಗಳಿಗೊಮ್ಮೆ ಕೂಡಿ ಪಾಲನೆಯ ತೊಡಕುಗಳನ್ನು ಚರ್ಚಿಸುವ ಏರ್ಪಾಡು ಮಾಡಿದರು. ಇದು ಇತರ ಧರ್ಮಪ್ರಾಂತ್ಯಗಳಿಗೂ ಹಬ್ಬಿತು. ಕೂಟದಲ್ಲಿ ಚರ್ಚೆಗೆ ಬರುತ್ತಿದ್ದುದು 'ಮನಸ್ಸಾಕ್ಷಿಯ ಪ್ರಕರಣ'. ಅದರ ಪಾತ್ರಗಳು ತೀತಿಯ, ಕಾಯ, ಬೆರ್ತಾ ಎಂಬ ಹೆಸರಿನವರು. ನೀತಿಶಾಸ್ತ್ರದ ಲತೀನ್ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುವ ಈ ಹೆಸರುಗಳನ್ನು ಕಂಡು ಗುರುಮಠದ ಹುಡುಗರು ತಲೆಮಾರುಗಳಿಂದ ನಕ್ಕಿದ್ದಾರೆ. ಆ ಹೆಸರುಗಳು ಯಾರ ಹೆಸರೂ ಅಲ್ಲದ್ದರಿಂದಲೇ ಎಲ್ಲರನ್ನೂ ಕಾಯುತ್ತಿದ್ದವು.

ಈ ಪರಂಪರೆಯ ಮಹಾಗುರು ಸಂತ ಆಲ್ಫೋನ್ಸ್ ಲಿಗೋರಿ ಮೊದಲು ನೇಪಲ್ಸಿನಲ್ಲಿ ವಕೀಲರಾಗಿದ್ದವರು. 1723ರಲ್ಲಿ ದೊಡ್ಡ ವ್ಯಾಜ್ಯವೊಂದರಲ್ಲಿ ಸೋತು ನ್ಯಾಯಾಲಯವನ್ನು ತೊರೆದು ಗುರುದೀಕ್ಷೆಯ ದಾರಿ ಹಿಡಿದ ಅವರು, ಪಾಪನಿವೇದನೆ ಕೇಳುವ ಗುರುವಿನಲ್ಲಿ ತಂದೆ, ವೈದ್ಯ, ಬೋಧಕ, ನ್ಯಾಯಾಧೀಶ ಎಂಬ ನಾಲ್ಕು ಪಾತ್ರಗಳನ್ನು ಕಂಡರು. ಅವರು ನ್ಯಾಯಾಧೀಶನ ಪಾತ್ರವನ್ನು ಅಳಿಸಲಿಲ್ಲ. ತಂದೆ ಮತ್ತು ವೈದ್ಯರನ್ನು ಮುಂದಕ್ಕೆ ತಂದರು. ನ್ಯಾಯಾಲಯವನ್ನು ಒಳಗಿನಿಂದ ಬಲ್ಲವರೊಬ್ಬರು ಆ ಕ್ರಮವನ್ನು ಆರಿಸಿದರೆಂಬುದನ್ನು ನಾವು ಗಮನಿಸಬೇಕು.

1917ರ ಕಾನೂನು ಸಂಹಿತೆ ಈ ಕೂಟಗಳನ್ನು ಸಾರ್ವತ್ರಿಕ ಕಡ್ಡಾಯವಾಗಿಸಿತು. ಅದರ 131ನೆಯ ವಿಧಿಯಂತೆ ಧರ್ಮಾಧ್ಯಕ್ಷರ ನಗರದಲ್ಲಿಯೂ ಪ್ರತಿ ವಲಯದಲ್ಲಿಯೂ ವರ್ಷದಲ್ಲಿ ಹಲವು ಬಾರಿ ನೀತಿ ಹಾಗೂ ಆರಾಧನೆಯ ವಿಷಯಗಳ ಚರ್ಚಾಕೂಟ ನಡೆಯಬೇಕಿತ್ತು. 1983ರ ಸಂಹಿತೆಯಲ್ಲಿ ಈ ಕಟ್ಟಳೆ ಸಡಿಲವಾಗಿದೆ: 279ನೆಯ ವಿಧಿ ಗುರುದೀಕ್ಷೆಯ ಅನಂತರವೂ ಅಧ್ಯಯನ ಮುಂದುವರಿಯಬೇಕೆನ್ನುತ್ತದೆ, 555ನೆಯ ವಿಧಿ ಗುರುಗಳು ಉಪನ್ಯಾಸ, ಕೂಟಗಳಲ್ಲಿ ಭಾಗವಹಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ವಲಯದ ಪ್ರಧಾನ ಗುರುಗಳಿಗೆ ವಹಿಸುತ್ತದೆ. 'ಪ್ರಕರಣ' ಮಾತ್ರ ಮರೆಯಾಗಿದೆ. ಇಂದಿನ ವಲಯಸಭೆಗಳಲ್ಲಿ ಸುತ್ತೋಲೆಗಳು ಓದಲ್ಪಡುತ್ತವೆ, ಯಾತ್ರೆಗಳ ದಿನ ನಿಗದಿಯಾಗುತ್ತದೆ, ಊಟವಾಗುತ್ತದೆ. ಒಬ್ಬ ಗುರು ಎದ್ದು ನಿಂತು "ನನಗೊಂದು ಪ್ರಕರಣದಲ್ಲಿ ದಾರಿ ಕಾಣುತ್ತಿಲ್ಲ" ಎಂದು ಹೇಳಿದ್ದನ್ನು ನಾವು ಬಹಳ ಅಪರೂಪಕ್ಕೆ ಕೇಳಿದ್ದೇವೆ.

ಹಳೆಯ ಕೂಟಗಳಿಗೆ ದೋಷಗಳೂ ಇದ್ದವು. ಅಲ್ಲಿ ಪಾಪದ ತೂಕ ಅಳೆಯುವುದೇ ಮುಖ್ಯವಾಗಿ, ಬೆರ್ತಾಳ ಕಣ್ಣೀರು ಲೆಕ್ಕಕ್ಕೆ ಬರುತ್ತಿರಲಿಲ್ಲ. ದಾಂಪತ್ಯದ ತೊಡಕುಗಳನ್ನು ಚರ್ಚಿಸುತ್ತಿದ್ದವರೆಲ್ಲರೂ ಅವಿವಾಹಿತ ಪುರುಷರು. ಪರಂಪರೆಯನ್ನು ಮರಳಿ ತರುವಾಗ ಈ ದೋಷಗಳನ್ನು ಮರಳಿ ತರಬೇಕಾಗಿಲ್ಲ.

ಮೂವರು ಕೂಡುವ ಪೀಠ

ಬರೆಯುವ ಕೋಣೆಯಲ್ಲಿಯೂ ಧರ್ಮಸಭೆ ಒಬ್ಬನ ತೀರ್ಮಾನವನ್ನು ನಂಬಲಿಲ್ಲ. 1741ರಲ್ಲಿ 14ನೆಯ ಬೆನೆಡಿಕ್ಟ್ ಜಗದ್ಗುರುಗಳು ವಿವಾಹ ಪ್ರಕರಣಗಳಲ್ಲಿ ಬಂಧಸಂರಕ್ಷಕನೆಂಬ ಅಧಿಕಾರಿಯನ್ನು ನೇಮಿಸಿ, ವಿವಾಹ ಅಸಿಂಧುವೆಂದು ಘೋಷಿಸಲು ಎರಡು ಸಮಾನ ತೀರ್ಪುಗಳು ಬೇಕೆಂದು ವಿಧಿಸಿದರು. ಫ್ರಾನ್ಸಿಸ್ ಜಗದ್ಗುರುಗಳು 2015ರಲ್ಲಿ ಮಾಡಿದ ಸುಧಾರಣೆ ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದುಹಾಕಿತು. ಆದರೆ ಮೂವರು ನ್ಯಾಯಾಧೀಶರ ಪೀಠವನ್ನು ಸಾಮಾನ್ಯ ನಿಯಮವಾಗಿ ಉಳಿಸಿಕೊಂಡಿತು, ಅವರಲ್ಲಿ ಇಬ್ಬರು ಶ್ರೀಸಾಮಾನ್ಯ ವಿಶ್ವಾಸಿಗಳಾಗಿರಲು ಅವಕಾಶ ಕೊಟ್ಟಿತು. ಮಾನಸಿಕ ಅಸಾಮರ್ಥ್ಯದ ಪ್ರಶ್ನೆ ಇರುವಲ್ಲಿ ಪರಿಣತರ ನೆರವು ಪಡೆಯುವ ವಿಧಿಯೂ ಮುಂದುವರಿದಿದೆ.

ಸಂಹಿತೆಯ 1609ನೆಯ ವಿಧಿಯನ್ನು ನಾವು ತರಗತಿಯಲ್ಲಿ ಪ್ರತಿ ವರ್ಷವೂ ನಿಧಾನವಾಗಿ ಓದಿಸುತ್ತೇವೆ. ಮೂವರು ನ್ಯಾಯಾಧೀಶರೂ ತಮ್ಮ ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆದುಕೊಂಡು ಬರಬೇಕು. ದೇವರ ನಾಮವನ್ನು ಸ್ಮರಿಸಿ, ಒಬ್ಬೊಬ್ಬರಾಗಿ ಅದನ್ನು ಮುಂದಿಡಬೇಕು. ಅನಂತರ ಚರ್ಚೆ. ಚರ್ಚೆಯಲ್ಲಿ ಯಾರೂ ತಮ್ಮ ಮೊದಲ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಬಹುದು. ಈ ಮಾತುಕತೆ ಗುಟ್ಟಾಗಿಯೇ ಉಳಿಯಬೇಕು. ಪ್ರಾಮಾಣಿಕ ಸಮಾಲೋಚನೆಗೆ ಬೇಕಾದುದೆಲ್ಲವೂ ಇಲ್ಲಿದೆ: ಸ್ವಂತ ಚಿಂತನೆ, ಪ್ರಾರ್ಥನೆ, ಮನಸ್ಸು ಬದಲಿಸುವ ಸ್ವಾತಂತ್ರ್ಯ, ಮೌನ. ಜೊತೆಗೆ 1447ನೆಯ ವಿಧಿ, ಒಂದು ಪ್ರಕರಣದಲ್ಲಿ ವಕೀಲನಾಗಿಯೋ ಸಾಕ್ಷಿಯಾಗಿಯೋ ಪರಿಣತನಾಗಿಯೋ ಭಾಗವಹಿಸಿದವನು ಅದೇ ಪ್ರಕರಣದ ಮತ್ತೊಂದು ಹಂತದಲ್ಲಿ ನ್ಯಾಯಾಧೀಶನಾಗುವುದನ್ನು ತಡೆಯುತ್ತದೆ. ಹಿಪ್ಪೋವಿನ ಅನುಭವ ಇಲ್ಲಿ ಕಾನೂನಿನ ರೂಪ ತಾಳಿದೆ.

ನಾಡಿನ ನ್ಯಾಯಾಲಯದಲ್ಲಿ

ನಮ್ಮ ವಿಶ್ವಾಸಿಗಳು ಎರಡು ಬಾಗಿಲುಗಳನ್ನು ತಟ್ಟಬೇಕಾಗಿದೆ. ಧರ್ಮಸಭೆಯ ನ್ಯಾಯಪೀಠ ಕೊಡುವ ಅಸಿಂಧುತ್ವದ ಘೋಷಣೆಗೆ ನಾಗರಿಕ ಕಾನೂನಿನಲ್ಲಿ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ಈ ಸ್ಥಿತಿಯನ್ನು ಬದಲಿಸಬೇಕೆಂದು ಕೋರಿ ನಮ್ಮ ಮಂಗಳೂರಿನವರೇ ಆದ ವಕೀಲ ಕ್ಲೇರೆನ್ಸ್ ಪಾಯಸ್ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ತಳ್ಳಿಹಾಕಿತು.

ನಾಗರಿಕ ಕಾನೂನಿನ ಹಾದಿಯೂ ಸುಗಮವಾಗಿರಲಿಲ್ಲ. 1869ರ ವಿಚ್ಛೇದನ ಕಾನೂನಿನಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿದ್ದರೆ, ಹೆಂಡತಿ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ರುಜುವಾತುಪಡಿಸಬೇಕಿತ್ತು. ಜಿಲ್ಲಾ ನ್ಯಾಯಾಲಯದ ತೀರ್ಪು ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠದಲ್ಲಿ ದೃಢೀಕರಣಗೊಳ್ಳುವ ತನಕ ಪೂರ್ಣವಾಗುತ್ತಿರಲಿಲ್ಲ. 1995ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಮೇರಿ ಸೋನಿಯಾ ಜಕರಾಯ ಪ್ರಕರಣದಲ್ಲಿ ಈ ಅಸಮಾನತೆಯನ್ನು ಖಂಡಿಸಿತು. 2001ರ ತಿದ್ದುಪಡಿ ಇದನ್ನು ಸರಿಪಡಿಸಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ಕೊಟ್ಟಿತು.

ಇಷ್ಟರಲ್ಲಿ 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ ನ್ಯಾಯಾಲಯದ ಸ್ವರೂಪವನ್ನೇ ಬದಲಿಸಲು ಹೊರಟಿತ್ತು. ಅದರ 9ನೆಯ ಪ್ರಕರಣ ಮೊದಲು ರಾಜಿಗೆ ಯತ್ನಿಸಬೇಕೆನ್ನುತ್ತದೆ. 6ನೆಯದು ಆಪ್ತಸಮಾಲೋಚಕರ ನೇಮಕಕ್ಕೂ 12ನೆಯದು ವೈದ್ಯಕೀಯ ಹಾಗೂ ಸಮಾಜಕಲ್ಯಾಣ ಪರಿಣತರ ನೆರವಿಗೂ ದಾರಿ ಮಾಡಿದೆ. ಹೀಗೆ ವೈದ್ಯನು ನ್ಯಾಯಾಲಯದ ಒಳಗೇ ಬಂದನು. ಅವನೊಡನೆ 1215ರ ಹಳೆಯ ಪ್ರಶ್ನೆಯೂ ಒಳಗೆ ಬಂತು: ಅವನಿರುವುದು ಬರೆಯುವ ಕೋಣೆಯಲ್ಲೋ ಬರೆಯದ ಕೋಣೆಯಲ್ಲೋ? ಪೆರಿ ಕನ್ಸಾಗ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದಕ್ಕೆ ಭಾಗಶಃ ಉತ್ತರ ಕೊಟ್ಟಿತು. ಮಧ್ಯಸ್ಥಿಕೆಯ ಮಾತುಕತೆ ಸಾಮಾನ್ಯವಾಗಿ ಗೌಪ್ಯ. ಆದರೆ ಮಗುವಿನ ಪಾಲನಾಧಿಕಾರದ ಪ್ರಶ್ನೆಯಲ್ಲಿ ಮಗುವಿನ ಹಿತವೇ ಪ್ರಧಾನವಾದ್ದರಿಂದ, ಆಪ್ತಸಮಾಲೋಚಕರ ವರದಿಯನ್ನು ಗೌಪ್ಯತೆಯ ಕಾರಣದಿಂದ ಬದಿಗಿರಿಸಲಾಗದು ಎಂದು ಅದು ನಿರ್ಣಯಿಸಿತು.

ಗುರುಗಳ ಸ್ಥಿತಿಯೇನು? ಧರ್ಮಸಭೆಯ ಸಂಹಿತೆಯ 1548ನೆಯ ವಿಧಿ ಪವಿತ್ರ ಸೇವೆಯಲ್ಲಿ ತಿಳಿದುಬಂದ ಸಂಗತಿಗಳ ಕುರಿತು ಉತ್ತರಿಸುವ ಹೊಣೆಯಿಂದ ಗುರುಗಳಿಗೆ ವಿನಾಯಿತಿ ಕೊಡುತ್ತದೆ. 1550ನೆಯದು ಪಾಪನಿವೇದನೆಯಲ್ಲಿ ತಿಳಿದದ್ದರ ಬಗ್ಗೆ ಸಾಕ್ಷಿ ನುಡಿಯಲು ಅವರು ಅನರ್ಹರೆಂದೇ ಹೇಳುತ್ತದೆ. ನಾಡಿನ ಕಾನೂನು ಹಾಗಿಲ್ಲ. 1872ರ ಸಾಕ್ಷ್ಯ ಅಧಿನಿಯಮ ವಕೀಲ ಮತ್ತು ಕಕ್ಷಿಗಾರನ ನಡುವಿನ ಮಾತಿಗೆ ರಕ್ಷಣೆ ಕೊಟ್ಟಿತು, ಗುರುವಿನ ಬಳಿ ಆಡಿದ ಮಾತಿಗೆ ಅಂಥದೇನನ್ನೂ ಹೇಳಲಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ವಿಷಯದಲ್ಲಿ ಹಾಗೆಯೇ ಇದೆ. ಆದುದರಿಂದ ಗುರುಮಠದಿಂದ ಹೊರಡುವ ಯುವಗುರು ಒಂದನ್ನು ಅರಿತಿರಬೇಕು: ಪಾಪನಿವೇದನೆಯ ಮುದ್ರೆಯನ್ನು ಅವನು ಯಾವ ಬೆಲೆ ತೆತ್ತಾದರೂ ಕಾಯಬೇಕು, ಆದರೆ ಕಚೇರಿಯಲ್ಲಿ ಕುಳಿತು ಕೇಳಿದ್ದಕ್ಕೆ ಸಮನ್ಸ್ ಬರಬಹುದು. "ಇದು ನಮ್ಮಿಬ್ಬರಲ್ಲೇ ಇರುತ್ತದೆ" ಎಂದು ಆಶ್ವಾಸನೆ ಕೊಡುವ ಮೊದಲು ಅವನು ಎರಡು ಬಾರಿ ಯೋಚಿಸಬೇಕು.

ಚಿಕಿತ್ಸಕರು ಕಂಡುಕೊಂಡ ದಾರಿ

ನಾವು ಪ್ರಕರಣದ ಕೂಟಗಳನ್ನು ಮರೆಯತೊಡಗಿದ ಕಾಲದಲ್ಲಿಯೇ ಇತರರು ಅದನ್ನು ಬೇರೊಂದು ದಾರಿಯಿಂದ ಕಂಡುಕೊಂಡರು. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಮೈಕೆಲ್ ಬ್ಯಾಲಿಂಟ್ ಮತ್ತು ಅವರ ಪತ್ನಿ ಎನಿಡ್ ಬ್ಯಾಲಿಂಟ್ ಸಾಮಾನ್ಯ ವೈದ್ಯರ ಸಣ್ಣ ಗುಂಪುಗಳನ್ನು ಕೂಡಿಸಿದರು. ಅಲ್ಲಿ ವೈದ್ಯನು ತನ್ನ ರೋಗಿಯ ಕುರಿತು ಹೇಳುತ್ತಿದ್ದನು. ಗುಂಪು ಹುಡುಕುತ್ತಿದ್ದುದು ಮಾತ್ರ ರೋಗಿಯ ಎದುರು ಆ ವೈದ್ಯನಿಗೆ ಏನಾಗುತ್ತಿದೆ ಎಂಬುದನ್ನು. ಅದಕ್ಕೂ ಮೊದಲು, 1925ರಲ್ಲಿ, ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ತರಬೇತುಗೊಳಿಸಲು ಆರಂಭಿಸಿದ್ದರು.

ನ್ಯಾಯಾಲಯಕ್ಕೆ ಹೋದ ಕುಟುಂಬಗಳೊಡನೆ ಕೆಲಸ ಮಾಡುವ ಚಿಕಿತ್ಸಕರಿಗಾಗಿ, ಕೌಟುಂಬಿಕ ನ್ಯಾಯಾಲಯಗಳಲ್ಲಿ ದುಡಿಯುವ ವೃತ್ತಿಪರರ ಅಂತರರಾಷ್ಟ್ರೀಯ ಸಂಘವೊಂದು 2010ರಲ್ಲಿ ಮಾರ್ಗಸೂಚಿಗಳನ್ನು ಸಿದ್ಧಪಡಿಸಿತು. ಚಿಕಿತ್ಸೆ ಮಾಡುವವನು ಬೇರೆ, ನ್ಯಾಯಾಲಯಕ್ಕಾಗಿ ಮೌಲ್ಯಮಾಪನ ಮಾಡುವವನು ಬೇರೆ ಎಂಬುದು ಅವುಗಳ ತಿರುಳು. ಕಾರಣ ಸರಳ. ಒಂದು ಪಕ್ಷದ ಮಾತನ್ನು ವಾರಗಟ್ಟಲೆ ಸಹಾನುಭೂತಿಯಿಂದ ಕೇಳುವವನು ತನಗರಿವಿಲ್ಲದೆ ಆ ಪಕ್ಷದವನಾಗುತ್ತಾನೆ. ಜಗಳದ ಜ್ವರ ಮದ್ದು ಕೊಡುವವನಿಗೂ ಅಂಟುತ್ತದೆ. ತನಗೆ ಅಂಟಿದ್ದು ತನಗೇ ಕಾಣದು. ಪಕ್ಕದಲ್ಲಿ ಕುಳಿತ ಸಮಾನನಿಗೆ ಕಾಣುತ್ತದೆ. ಆದಕಾರಣವೇ ಇಂಥ ಚಿಕಿತ್ಸಕರು ನಿಯತವಾಗಿ ಕೂಡಿ, ರೋಗಿಯ ಗುರುತನ್ನು ಮರೆಮಾಚಿ, ತಮ್ಮ ಪ್ರಕರಣಗಳನ್ನು ಪರಸ್ಪರರ ಮುಂದಿಡುತ್ತಾರೆ. ಇದು ಲ್ಯಾಟರನ್ನಿನ 21ನೆಯ ವಿಧಿಯಲ್ಲದೆ ಮತ್ತೇನು?

ಕರಾವಳಿಯ ಕಷ್ಟ

ನಮ್ಮ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಸಾಸ್ತಾನದ ಉತ್ತರಕ್ಕೆ 1570ರಷ್ಟು ಹಳೆಯ ಕುಂದಾಪುರದ ರೊಜಾರಿ ಮಾತೆಯ ಚರ್ಚು, ದಕ್ಷಿಣಕ್ಕೆ 1678ರ ಕಲ್ಯಾಣಪುರದ ಮಿಲಾಗ್ರಿಸ್, ನಡುವೆ ಬ್ರಹ್ಮಾವರದಲ್ಲಿ ಆರ್ಥೊಡಾಕ್ಸ್ ಸಮುದಾಯದ ಸಂತ ಮೇರಿ ಪ್ರಧಾನಾಲಯ. ಈ ಹರವಿನೊಳಗೆ ಯಾರು ಯಾರ ಮಗಳು, ಯಾರ ದೊಡ್ಡಪ್ಪನ ಮನೆಗೆ ಯಾರನ್ನು ಕೊಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. 2012ರಲ್ಲಿ ರೂಪುಗೊಂಡ ಉಡುಪಿ ಧರ್ಮಪ್ರಾಂತ್ಯದ ಗುರುಗಳಲ್ಲಿ ಬಹಳ ಮಂದಿ ಇದೇ ಮನೆಗಳಿಂದ ಬಂದವರು. ಹಿಂದೆ ವಾಳೆಯ ಗುರಿಕಾರರು ಮನೆಜಗಳಗಳನ್ನು ತೀರಿಸುತ್ತಿದ್ದರು. ಅಲ್ಲಿ ಸಲಹೆಗೆ ಕೊರತೆಯಿರಲಿಲ್ಲ, ಗುಟ್ಟಿಗೆ ಇತ್ತು. ಇಡೀ ವಾಳೆಗೆ ತಿಳಿಯದ ತೀರ್ಮಾನವೇ ಇರಲಿಲ್ಲ. ಇಂದು ಜನರು ಗುರುಗಳ ಬಳಿ ಬರುವುದು ಆ ಜಗಲಿಯ ಬಹಿರಂಗಕ್ಕೆ ಹೆದರಿ.

ಇಂಥಲ್ಲಿ ಹೆಸರು ಬಿಟ್ಟರೆ ಸಾಲದು. ಇದನ್ನು ನಾವು ತಪ್ಪು ಮಾಡಿ ಕಲಿತೆವು. ಗುರುದೀಕ್ಷೆಯಾದ ಆರಂಭದ ವರ್ಷಗಳಲ್ಲಿ, ಹಬ್ಬದ ಊಟದ ಮೇಜಿನಲ್ಲಿ, ನಾವು ಕಚೇರಿಯಲ್ಲಿ ಕೇಳಿದ್ದ ಒಂದು ದಾಂಪತ್ಯದ ತೊಡಕನ್ನು ಹಿರಿಯರ ಮುಂದಿಟ್ಟೆವು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಗಂಡ ಹಡಗಿನಲ್ಲಿದ್ದಾನೆ, ಮಕ್ಕಳು ಅವಳಿಗಳು ಎಂದಷ್ಟೇ ಹೇಳಿದ್ದೆವು. ಅದೇ ಮೇಜಿನಲ್ಲಿ ಆ ಹೆಣ್ಣುಮಗಳ ತವರೂರಿನವರೊಬ್ಬರು ಕುಳಿತಿದ್ದರು. ವಾರ ಕಳೆಯುವಷ್ಟರಲ್ಲಿ ಮಾತು ಅವಳ ಅತ್ತೆಯ ಕಿವಿ ತಲುಪಿತು. ಅವಳು ಮತ್ತೆ ನಮ್ಮ ಬಳಿ ಬರಲಿಲ್ಲ. ಬಹುಕಾಲ ಬಲಿಪೂಜೆಗೂ ಬರಲಿಲ್ಲ. ನಾವು ಕೇಳಿದ ಸಲಹೆ ಒಳ್ಳೆಯ ಉದ್ದೇಶದ್ದೇ, ದೊರೆತ ಉತ್ತರವೂ ವಿವೇಕದ್ದೇ. ಆದರೆ ಲ್ಯಾಟರನ್ ವಿಧಿ ಕೇಳುವುದು ಹೆಸರಿನ ಮೌನವನ್ನಷ್ಟೇ ಅಲ್ಲ, ವ್ಯಕ್ತಿಯ ಸುಳಿವೇ ಸಿಗದಂಥ ಎಚ್ಚರವನ್ನು. 'ಹಡಗು' ಮತ್ತು 'ಅವಳಿ' ಎಂಬ ಎರಡು ಪದಗಳು ಕರಾವಳಿಯಲ್ಲಿ ಹೆಸರಿಗಿಂತ ಹೆಚ್ಚು.

ಮರಳಿ ಕಟ್ಟಬೇಕಾದ ಕೂಟ

ಚರಿತ್ರೆಯಿಂದ ನಾವು ಕಲಿಯಬಹುದಾದುದನ್ನು ಕೆಲವು ಮಾತುಗಳಲ್ಲಿ ಹೇಳಬಹುದು. ಪಾಪನಿವೇದನೆಯಲ್ಲಿ ಕೇಳಿದ್ದು ಇಂಥ ಕೂಟಕ್ಕೆ ಬರಲೇಕೂಡದು. ಅದಕ್ಕೆ ಸಲಹೆ ಅನಿವಾರ್ಯವಾದರೆ ದೂರದ, ಜನರನ್ನೇ ಅರಿಯದ ಅನುಭವಿ ಗುರುವೊಬ್ಬರಿದ್ದಾರೆ. ರೋಮಿನ ಪ್ರಾಯಶ್ಚಿತ್ತ ಪೀಠಕ್ಕೆ ಇಂದಿಗೂ ಕಲ್ಪಿತ ಹೆಸರುಗಳಲ್ಲಿ ಪತ್ರ ಬರೆಯುವುದು ವಾಡಿಕೆ. ಉಳಿದ ಪ್ರಕರಣಗಳಿಗೆ ನಾಲ್ಕೈದು ಮಂದಿಯ ಸ್ಥಿರವಾದ ಗುಂಪು ಬೇಕು. ಊಟದ ಮೇಜಾಗಲಿ ಮೊಬೈಲಿನ ಗುಂಪಾಗಲಿ ಅದಕ್ಕೆ ತಕ್ಕ ಸ್ಥಳವಲ್ಲ. ಸದಸ್ಯರು ಬೇರೆ ಬೇರೆ ವಲಯದವರಾಗಿದ್ದರೆ ಸುಳಿವು ಹತ್ತುವ ಭಯ ಕಡಿಮೆ. ಅವರಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕಿಯೊಬ್ಬರೂ ಕಾನೂನು ಬಲ್ಲವರೊಬ್ಬರೂ ಇರಬೇಕು. ನಮ್ಮ ಕಡೆಯಲ್ಲಿ ಆರ್ಥೊಡಾಕ್ಸ್ ಗುರುಗಳೊಬ್ಬರು ಇದ್ದರೆ ಇನ್ನೂ ಲೇಸು, ಏಕೆಂದರೆ ನಮ್ಮ ಕುಟುಂಬಗಳು ನಮ್ಮ ಗಡಿಗಳಿಗಿಂತ ಹಳೆಯವು. ಸಾಧ್ಯವಿರುವಲ್ಲೆಲ್ಲ, "ನಿಮ್ಮ ಗುರುತು ಹೇಳದೆ ಬಲ್ಲವರನ್ನು ಕೇಳಲೇ?" ಎಂದು ಬಂದವರ ಒಪ್ಪಿಗೆಯನ್ನೇ ಮೊದಲು ಕೇಳಬೇಕು.

ಕೂಟದಲ್ಲಿ ಕೇಳಬೇಕಾದ ಪ್ರಶ್ನೆಯೂ ಮುಖ್ಯ. ಗಂಡ ಹೆಂಡಿರಲ್ಲಿ ತಪ್ಪು ಯಾರದು ಎಂಬ ಪ್ರಶ್ನೆ ಕೂಟವನ್ನು ಕದ್ದು ನಡೆಸುವ ನ್ಯಾಯಾಲಯವನ್ನಾಗಿಸುತ್ತದೆ. ಅಲ್ಲಿ ಬರಹವೂ ಇರದು, ಎದುರು ಪಕ್ಷವೂ ಇರದು. ಕೇಳಬೇಕಾದುದು, "ನಾನು ಯಾರ ಕಡೆ ವಾಲುತ್ತಿದ್ದೇನೆ? ಈ ಪತ್ರ ಬರೆದರೆ ನಾನು ಯಾರಿಗೆ ಪಾಲಕನಾಗಿ ಉಳಿಯುವುದಿಲ್ಲ?" ಎಂದು.

ಇನ್ನೊಂದು ಎಚ್ಚರಿಕೆ ಅಗತ್ಯ. ಸಮಾಲೋಚನೆಯೆಂಬುದು ಬಚ್ಚಿಡುವ ಪೆಟ್ಟಿಗೆಯಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಅಧಿನಿಯಮದ 19ನೆಯ ಪ್ರಕರಣ ವಿಧಿಸುತ್ತದೆ. 2019ರಿಂದ ಧರ್ಮಸಭೆಯೂ ತನ್ನ ಗುರುಗಳ ಮೇಲೆ ಇಂಥ ದುರಾಚಾರಗಳನ್ನು ವರದಿ ಮಾಡುವ ಹೊಣೆ ಹೊರಿಸಿದೆ. ಕಚೇರಿಯಲ್ಲಿಯೋ ತರಗತಿಯಲ್ಲಿಯೋ ಅಂಥದ್ದು ತಿಳಿದುಬಂದಾಗ ಗುರುಗಳು ಕೂಟದ ದಿನಕ್ಕೆ ಕಾಯಬಾರದು. "ವಿಚಾರ ಮಾಡುತ್ತಿದ್ದೇವೆ" ಎಂಬ ನೆಪದಲ್ಲಿ ಕಳೆದ ದಿನಗಳ ಬೆಲೆಯನ್ನು ಮಕ್ಕಳು ತೆತ್ತಿದ್ದಾರೆ. ಮೌನ ಯಾರ ರಕ್ಷೆಗೆ ಎಂಬ ಪ್ರಶ್ನೆಯನ್ನು 1215ರ ವಿಧಿ ದುರ್ಬಲನ ಪರವಾಗಿ ಉತ್ತರಿಸಿತ್ತು. ನಾವು ಅದನ್ನು ಬಲಾಢ್ಯರ ಪರವಾಗಿ ತಿರುಚಬಾರದು.

ಸಾಸ್ತಾನದ ಗುರುಗಳ ಬಳಿಗೆ ಮರಳೋಣ. ಅಂಥದೊಂದು ಕೂಟವಿದ್ದರೆ ಅವರು ಮರುದಿನವೇ ಅದರ ಹಿರಿಯರನ್ನು ಕಾಣುತ್ತಿದ್ದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಸಂಪೂರ್ಣವಾಗಿ ಬದಿಗಿಟ್ಟು, ಕೊಲ್ಲಿಯನ್ನು ಮುಂಬಯಿ ಮಾಡಿ, ಮಗಳನ್ನು ಮಗನನ್ನಾಗಿಸಿ, ತಮ್ಮ ಪ್ರಕರಣವನ್ನು ಮುಂದಿಡುತ್ತಿದ್ದರು. ಗಂಡನ ತಾಯಿಯ ಅಳು ತಮ್ಮನ್ನು ಎಷ್ಟು ವಾಲಿಸಿದೆಯೆಂಬುದು ಆಗ ಅವರಿಗೇ ಕಾಣುತ್ತಿತ್ತು. ಪ್ರಾಯಶಃ ಅವರು ಪತ್ರ ಬರೆಯುತ್ತಿರಲಿಲ್ಲ; ತಾವು ಎರಡೂ ಮನೆಯವರ ಗುರುವೆಂದು ವಕೀಲರಿಗೆ ತಿಳಿಸಿ, ಮಗುವಿನ ಮನಸ್ಸನ್ನು ಅರಿಯುವ ಕೆಲಸವನ್ನು ನ್ಯಾಯಾಲಯದ ಆಪ್ತಸಮಾಲೋಚಕರಿಗೆ ಬಿಡುತ್ತಿದ್ದರು. ಮುಂದಿನ ಭಾನುವಾರ ಆ ಮಗಳು ಧರ್ಮೋಪದೇಶದ ತರಗತಿಗೆ ಬಂದಾಗ, ಅವಳಿಂದ ಏನನ್ನೂ ತಿಳಿದುಕೊಳ್ಳಬೇಕಾಗಿಲ್ಲದ ಒಬ್ಬ ಹಿರಿಯನಾದರೂ ಅವಳಿಗೆ ಅಲ್ಲಿ ದೊರೆಯುತ್ತಿದ್ದರು.